ಬಾಯಾಗ ಹಾಡಾಕ ಬರದ ಪದ

ಬಾಳಮ್ಮ ಚಾವಿ ಒರೆಸುತ್ತಿದ್ದಳು. ಗೇಣುದ್ದದ ಕಬ್ಬಿಣದ ಚಾವಿ, ಒಂದು ತುದಿಗೆ ಮರದ ಹಿಡಿ, ಇನ್ನೊಂದು ತುದಿಗೆ ಚೌಕದ ತೂತು. ಪಿಯಾನೊದ ತಂತಿ ಬಿಗಿಯುವ ಚಾವಿ ಅದು. ಸಮುದ್ರದ ಗಾಳಿಗೆ ಬೆಳಗಾಗುವುದರೊಳಗೆ ಅದರ ಮೈಮೇಲೆ ತೆಳ್ಳಗೆ ತುಕ್ಕು ಕೂಡುತ್ತಿತ್ತು. ಹಳೆಯ ಬನಿಯನ್ನಿನ ಚಿಂದಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ, ಮೊದಲು ತೂತಿನೊಳಗೆ ಕಿರುಬೆರಳು ಆಡಿಸಿ, ಆಮೇಲೆ ಉದ್ದಕ್ಕೆ ಒಂದೇ ಕಡೆಗೆ ಒರೆಸಬೇಕು. ಹಿಂದಕ್ಕೆ ಮುಂದಕ್ಕೆ ತಿಕ್ಕಬಾರದು. ದಿನಾ ಬೆಳಿಗ್ಗೆ ಚಹಾಕ್ಕಿಂತ ಮೊದಲು ಅಪ್ಪ ಮಾಡುತ್ತಿದ್ದ ಕೆಲಸ. ಅವಳು ದಿನಾ ನೋಡಿದ್ದಳು. ಮಾಡಿದ್ದು ಇದೇ ಮೊದಲು.

ಅಪ್ಪ ಕಂಠೆಪ್ಪ ಹೊರಗೆ, ಬಾಗಿಲ ಮುಂದೆ ಕುರ್ಚಿಯ ಮೇಲೆ ಕೂತಿದ್ದ. ಹಣೆ ತುಂಬ ವಿಭೂತಿ, ತಲೆಗೆ ಗುಲಾಬಿ ಬಣ್ಣದ ರುಮಾಲು, ಕೊರಳಿಗೆ ಚೆಂಡುಹೂವಿನ ಮಾಲೆ. ಬೀಳಬಾರದೆಂದು ಬೆನ್ನಿಗೆ ಬಿದಿರು ಕೊಟ್ಟು ಕಟ್ಟಿದ್ದರು. ನಿನ್ನೆ ಸಂಜೆ ಚಹಾದ ಕಪ್ಪು ಕೆಳಗಿಟ್ಟು, "ಸ್ವಲ್ಪ ಅಡ್ಡಾಗ್ತೇನಿ" ಎಂದು ಚಾಪೆಯ ಮೇಲೆ ಒರಗಿದವನು ಮತ್ತೆ ಏಳಲಿಲ್ಲ. ಯಾರಿಗೂ ತೊಂದರೆ ಕೊಡದ ಸಾವು. ಕಪ್ಪಿನಲ್ಲಿ ಒಂದು ಗುಟುಕು ಚಹಾ ಕೂಡ ಬಿಟ್ಟಿರಲಿಲ್ಲ.

ಗೋವೆಯ ಪರ್ವರಿ ಗುಡ್ಡದ ಮೇಲೆ ಕೂಲಿಯವರ ಶೆಡ್ಡುಗಳ ಸಾಲು ಅದು. ಪಕ್ಕದ ಶೆಡ್ಡಿನ ಚಂಪಾಬಾಯಿ ಒಳಗೆ ಹಣಿಕಿದಳು. ಕಲಂಗೂಟ ಬೀಚಿನಲ್ಲಿ ಮಣಿಸರ ಮಾರುವ ಲಂಬಾಣಿ ಹೆಂಗಸು. ಅವಳ ಕೈಬಳೆಗಳು ಅವಳಿಗಿಂತ ಮೊದಲು ಬರುತ್ತಿದ್ದವು.

"ಏ ಹುಡುಗಿ, ಅಪ್ಪ ಹೊರಗ ಕುಂತಾನ, ನೀ ಇಲ್ಲಿ ಕಬ್ಬಿಣ ತಿಕ್ಕಾಕತ್ತಿ. ಬಾ, ಎರಡು ನುಡಿ ಹಾಡ್ಯಾಡಿ ಅಳು. ಮಗಳು ಅಳದಿದ್ರ ಹೆಣ ಭಾರ ಆಕ್ಕತಿ ಅಂತಾರ. ಹೊರೋರು ನಿನಗ ಬೈತಾರ ನೋಡು."

ಬಾಳಮ್ಮ ತಲೆಯಾಡಿಸಿದಳು. ಹೂಂ ಎಂದೋ ಉಹೂಂ ಎಂದೋ ಚಂಪಾಬಾಯಿಗೆ ತಿಳಿಯಲಿಲ್ಲ.

ಅವರ ಬದಾಮಿ ಕಡೆ ಸತ್ತವರ ಮುಂದೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಹಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಅವಗುಣ, ತಿಂದದ್ದು, ಉಂಡದ್ದು, ಬೈದದ್ದು, ನಗಿಸಿದ್ದು ಎಲ್ಲ ಆ ಹಾಡಿನಲ್ಲಿ ಬರಬೇಕು. ಅವ್ವ ಹುಲಿಗೆವ್ವ ಬೆಳಗಿನಿಂದ ಅದನ್ನೇ ಮಾಡುತ್ತಿದ್ದಳು.

"ರೊಟ್ಟಿ ಬಡದರ ಬಾಗಲದಾಗ ತಾಳ ಹಾಕಾಂವಾ... ತಾಳ ತಪ್ಪಿದರ ರೊಟ್ಟಿ ಹರೀತು ಅಂತ ನಗಾಂವಾ... ಊರ ಮಂದಿ ಪೆಟ್ಟಿಗಿ ರಿಪೇರಿ ಮಾಡಾಂವಾ... ನನ್ನ ಮನಿ ಕದದ ಕೊಂಡಿ ಹಚ್ಚಲಾರದ ಹ್ವಾದ್ಯಲ್ಲೋ..."

"ಹೌದ್ ನೋಡ್ರಿ," ಎಂದು ಯಾರೋ ಮುದುಕ ದನಿಗೂಡಿಸಿದ. "ಆ ಕೊಂಡಿ ಮೂರು ವರ್ಷ ಆತು ಜೋತಾಡಾಕತ್ತಿ."

ಅಳುತ್ತಿದ್ದ ಹೆಂಗಸರಲ್ಲಿ ಇಬ್ಬರಿಗೆ ನಗು ತಡೆಯದೆ ಸೆರಗು ಬಾಯಿಗೆ ಹೋಯಿತು. ಹುಲಿಗೆವ್ವನೂ ಅಳುತ್ತಲೇ ಒಮ್ಮೆ ನಕ್ಕು, ಮತ್ತೆ ಅಳು ಹಿಡಿದಳು.

ಬಾಳಮ್ಮ ಹೊಸ್ತಿಲ ಒಳಗೇ ಕೂತು ಎಲ್ಲ ನೋಡುತ್ತಿದ್ದಳು. ಹಾಡ್ಯಾಡಿ ಅಳಲು ಅವಳಲ್ಲಿ ನುಡಿ ಇರಲಿಲ್ಲವೆಂದಲ್ಲ. ಎದೆಯ ತನಕ ಬರುತ್ತಿತ್ತು, ಗಂಟಲಲ್ಲಿ ನಿಲ್ಲುತ್ತಿತ್ತು. ಹುಟ್ಟಿದಾಗಿನಿಂದ ಅವಳ ಪಾಡು ಹಾಗೇ. ಮೇಲಾಗಿ ಅವಳ ಮನಸ್ಸಿನಲ್ಲಿ ಬೇರೆಯೇ ಒಂದು ಪ್ರಶ್ನೆ ಕೂತಿತ್ತು. ಅದಕ್ಕೆ ಉತ್ತರ ಗೊತ್ತಿದ್ದವನು ಒಬ್ಬನೇ, ಅವನೀಗ ಗುಲಾಬಿ ರುಮಾಲು ಸುತ್ತಿಕೊಂಡು ಬಾಯಿ ಮುಚ್ಚಿ ಕೂತಿದ್ದ.

*

ಮಾಂಡವಿ ನದಿಯ ಸೇತುವೆ ಬಿದ್ದ ವರ್ಷ ಅದು. ಬದಾಮಿ ಕಡೆಯಿಂದ ಬಂದಿದ್ದ ಕಂಠೆಪ್ಪ ಆಗ ಪಣಜಿಯಲ್ಲಿ ಉಸುಕು ಹೊರುತ್ತಿದ್ದ. ಒಂದು ದಿನ ಪಿಯಾನೊ ರಿಪೇರಿಯ ರುಜಾರ ಮಾಸ್ತರ ಎಂಬ ಗೋವೆಯ ಮುದುಕ ಬಂದು ಎಂಟು ಆಳು ಬೇಕೆಂದ. ಒಂದು ಪಿಯಾನೊವನ್ನು ಫೆರಿ ದಾಟಿಸಿ ಪರ್ವರಿಯ ಒಂದು ಮನೆಗೆ ಮುಟ್ಟಿಸಬೇಕಿತ್ತು.

ಎಂಟೂ ಜನ ಅಂಥ ಪೆಟ್ಟಿಗೆಯನ್ನು ಹುಟ್ಟಾ ಕಂಡವರಲ್ಲ. ಒಳಗೆ ಸತ್ತ ಎಮ್ಮೆ ಇದೆಯೇನೋ ಅನ್ನುವಷ್ಟು ಭಾರ. ಬೈಯುತ್ತ ಹೊತ್ತರು, ಬೈಯುತ್ತ ಫೆರಿಗೆ ಏರಿಸಿದರು. ಫೆರಿ ಈಚೆ ದಡಕ್ಕೆ ಬಂದು ಡಬ್ಬೆಂದು ಬಡಿಯಿತು ನೋಡಿ, ಪೆಟ್ಟಿಗೆಯೊಳಗಿಂದ ಒಂದು ಗುಂಯ್ ಎಂಬ ಸದ್ದು ಎದ್ದಿತು. ಏಳು ಜನ ಕೈ ಬಿಟ್ಟು ಹಿಂದೆ ಸರಿದರು. ಕಂಠೆಪ್ಪ ಒಬ್ಬನೇ ಮುಂದೆ ಹೋಗಿ ಪೆಟ್ಟಿಗೆಗೆ ಕಿವಿ ಹಚ್ಚಿದ. ಸದ್ದು ಪೂರ್ತಿ ಆರುವ ತನಕ ಕಿವಿ ತೆಗೆಯಲಿಲ್ಲ.

"ಏನು ಕೇಳಿಸಿತು?" ಎಂದ ರುಜಾರ ಮಾಸ್ತರ, ನಗುತ್ತ.

"ಒಳಗ ಭಾಳ ಮಂದಿ ಅದಾರ್ರಿ. ಎಲ್ಲಾರೂ ಖರೇ ಹೇಳಾಕತ್ತಾರ, ಒಬ್ಬಾಂವ ಸುಳ್ಳು ಹೇಳಾಕತ್ತಾನ."

ಮಾಸ್ತರನ ನಗು ನಿಂತಿತು. ಮನೆ ಮುಟ್ಟಿದ ಮೇಲೆ ಪೆಟ್ಟಿಗೆ ಬಿಚ್ಚಿ ನೋಡಿದರೆ ಒಂದು ತಂತಿ ಕೂದಲೆಳೆಯಷ್ಟು ಸಡಿಲಾಗಿತ್ತು. ಮರುದಿನದಿಂದ ಕಂಠೆಪ್ಪ ಉಸುಕು ಹೊರಲಿಲ್ಲ. ಮಾಸ್ತರನ ಚೀಲ ಹೊತ್ತ. ನಾಲ್ಕು ವರ್ಷದಲ್ಲಿ ಮಾಸ್ತರ ತೀರಿಕೊಂಡಾಗ ಚಾವಿ ಅವನ ಕೈಗೆ ಬಂತು.

ತಂತಿ ಬಿಗಿದಾದ ಮೇಲೆ ಬೆರಳೊತ್ತುವ ಎಲ್ಲ ಪಟ್ಟಿಗಳೂ ಸರಿಯಾಗಿ ನುಡಿಯುತ್ತವೋ ಇಲ್ಲವೋ ನೋಡಲು ಏನಾದರೊಂದು ಬಾರಿಸಬೇಕು. ಮಾಸ್ತರ ತನ್ನ ಕಾಲದ ಕೊಂಕಣಿ ಹಾಡು ಬಾರಿಸುತ್ತಿದ್ದ. ಕಂಠೆಪ್ಪನಿಗೆ ಅವು ಬಾರವು. ದೊಡ್ಡವರ ಮನೆಯಲ್ಲಿ ಕೂತು ಭಜನಿ ಪದ ಬಾರಿಸಲು ಸಂಕೋಚ. ಹಾಗಾಗಿ ತಾನೇ ಪದ ಕಟ್ಟಿದ. ಒಂದೊಂದು ಮನೆಯಲ್ಲಿ ಒಂದೊಂದು. ಎಲ್ಲಕ್ಕೂ ಮೂಲ ತನ್ನ ಶೆಡ್ಡಿನಲ್ಲೇ ಇತ್ತು. ಕೆಲಸ ಮುಗಿಸಿ ಬಂದ ದಿನ ಚಹಾ ಕುಡಿಯುತ್ತ ಅದನ್ನು ಬಾಯಲ್ಲಿ ಗುನುಗಿ ತೋರಿಸುತ್ತಿದ್ದ.

"ಇದು ನಿಮ್ಮವ್ವನ ಪದ. ರೊಟ್ಟಿ ಬಡಿಯೋದು. ಟಪ್ಪ ಟಪ್ಪ ಟಪ್ಪ, ಆಮ್ಯಾಲ ಹಂಚಿನ ಮ್ಯಾಲ ಒಗದಾಗ ಸುಂಯ್. ಇದು ಚಂಪಾಬಾಯಿದು. ಬೀಚಿನಾಗ ಬಿಳಿ ಮಂದಿ ಕೂಡ ಚೌಕಾಸಿ ಮಾಡೋದು. ಮ್ಯಾಲ ಸುರು ಆಗಿ ಇಳಕೋತ ಇಳಕೋತ ಬರ್ತೈತಿ, ತಳಕ್ಕ ಮುಟ್ಟೂದ ಇಲ್ಲ."

ಚಂಪಾಬಾಯಿ ಕೇಳಿ, "ನನ್ನ ಹಾಡು ಬಾರಸಾಕ ನನ್ನ ಪರ್ಮಿಷನ್ ತಗೊಂಡ್ಯೇನ?" ಎಂದು ಬೈದು, ಮರುದಿನ ಇನ್ನೊಮ್ಮೆ ಗುನುಗಿಸಿಕೊಂಡು ಹೋಗಿದ್ದಳು.

ಬಾಳಮ್ಮನಿಗೆ ಆಗ ಹದಿಮೂರು. ಅವಳು ಒಂದು ಸಂಜೆ ಧೈರ್ಯ ಮಾಡಿ, ಅಪ್ಪನ ಅಂಗಿಯ ತುದಿ ಹಿಡಿದು ಕೇಳಿದ್ದಳು. "ಅಪ್ಪಾ, ನನ್ನ ಪದ?"

ಕಂಠೆಪ್ಪ ಅವಳ ಮುಖ ನೋಡಿ ನಕ್ಕಿದ್ದ. "ನಿಂದೂ ಐತೆವ್ವಾ. ಎಲ್ಲಾಕ್ಕಿಂತ ಚಲೋ ಐತಿ. ಆದ್ರ ಅದು ಬಾಯಾಗ ಹಾಡಾಕ ಬರೂದಿಲ್ಲ."

ಬಾಯಲ್ಲಿ ಹಾಡಲು ಬರದ ಪದ ಯಾವುದಿದ್ದೀತು? ಸಮಾಧಾನಕ್ಕೆ ಹೇಳಿದ ಮಾತು ಎಂದುಕೊಂಡಳು. ಮತ್ತೆ ಕೇಳಲಿಲ್ಲ. ಆದರೆ ಏಳು ವರ್ಷವಾದರೂ ಮರೆತಿರಲಿಲ್ಲ.

*

ನಿನ್ನೆ ಸಂಜೆ ಸೋದರಮಾವ ಹಣಮಪ್ಪನ ಕೈಗೆ ಅಪ್ಪನ ಸಣ್ಣ ನೋಟುಬುಕ್ಕು ಕೊಟ್ಟು, ಎರಡು ಫೋನ್ ನಂಬರಿನ ಕೆಳಗೆ ಉಗುರಿನಿಂದ ಗೀಟು ಹಾಕಿ ತೋರಿಸಿದವಳು ಬಾಳಮ್ಮನೇ. ಈ ವಾರ ಅಪ್ಪ ಹೋಗಬೇಕಿದ್ದ ಮನೆಗಳು ಅವು. ಕಾದು ಕೂರುವುದು ಬೇಡ ಎಂದು ತಿಳಿಸಬೇಕಿತ್ತು. ಹಣಮಪ್ಪ ಕೊರ್ಲಿಮಿನ ಫ್ಯಾಕ್ಟರಿಯಲ್ಲಿ ಡ್ರಮ್ಮು ಉರುಳಿಸುವ ಕೆಲಸದವನು. ಫೋನಿನಲ್ಲೂ ಡ್ರಮ್ಮಿನಂತೆ ಕೂಗಿ ಹೇಳಿ ಬಂದಿದ್ದ.

ಹತ್ತರ ಸುಮಾರಿಗೆ ಒಬ್ಬ ಎತ್ತರದ ಮುದುಕ ಟೋಪಿ ಕೈಯಲ್ಲಿ ಹಿಡಿದು ಕೆಂಪು ಮಣ್ಣಿನ ದಾರಿಯಲ್ಲಿ ಏದುಸಿರು ಬಿಡುತ್ತ ಬಂದ. ಆ ಎರಡು ಮನೆಗಳಲ್ಲಿ ಒಂದರ ಯಜಮಾನ, ಸಾವರ್ಡೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದ ಜುಜೆ ಬಾಬ. ಕಂಠೆಪ್ಪನ ಮುಂದೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಎರಡೂ ಕೈ ಮುಗಿದ. ಚಂಪಾಬಾಯಿ ಅವನಿಗೊಂದು ಡಬ್ಬ ಮಗುಚಿ ಹಾಕಿ ಕೂರಿಸಿದಳು.

"ಒಳ್ಳೆಯ ಕೆಲಸಗಾರ," ಎಂದ ಜುಜೆ ಬಾಬ ಕೊಂಕಣಿಯಲ್ಲಿ. ಇಷ್ಟು ವರ್ಷ ಗೋವೆಯ ಅನ್ನ ಉಂಡ ಎಲ್ಲರಿಗೂ ಅದು ತಿಳಿಯುತ್ತಿತ್ತು. "ಕೆಲಸಗಾರ ಅಷ್ಟೇ ಅಲ್ಲ, ಕಲಾವಿದ. ನನ್ನ ಮನೆಯಲ್ಲಿ ಅವನೊಂದು ಟ್ಯೂನ್ ಕಟ್ಟಿದ. ಏನು ಗಂಭೀರ! ನದಿಯ ಮೇಲೆ ಅದಿರಿನ ಬಾರ್ಜು ಹೋಗುವ ಹಾಗೆ. ನಾನು ಅದಕ್ಕೆ 'ನದಿ' ಅಂತ ಹೆಸರಿಟ್ಟೆ. ನನ್ನ ಮಗಳ ಮದುವೆಯಲ್ಲಿ ಅದನ್ನೇ ಬಾರಿಸಿದೆವು. ಮೊದಲ ಡ್ಯಾನ್ಸು ಅದಕ್ಕೇ."

"ಯಾವುದ್ರಿ ಅದು? ಸ್ವಲ್ಪ ಅನ್ನಿ ನೋಡೋಣು," ಎಂದ ದಾವಲಮಲಿಕ. ಭಜನಿ ಮೇಳದ ಹಾರ್ಮೋನಿಯಂ ಅವನದು. ಬೆಳಗಿನಿಂದ ಪದ ಹಾಡಿ ಹಾಡಿ ಅವನ ಮೇಳ ಚಹಾಕ್ಕೆಂದು ನಿಲ್ಲಿಸಿತ್ತು.

ಜುಜೆ ಬಾಬ ಕಣ್ಣು ಮುಚ್ಚಿ ಗುನುಗಿದ. ತಳದಿಂದ ಒಂದು ದನಿ ಉರುಳುತ್ತ ಎದ್ದಿತು. ಒಂದು ಮೆಟ್ಟಿಲು, ಎರಡು, ಮೂರು. ಅಲ್ಲಿ ನಿಂತಿತು. ಎಲ್ಲರೂ ಉಸಿರು ಹಿಡಿದರು. ಆಮೇಲೆ ಮೇಲಿನಿಂದ ಒಂದು ಸಣ್ಣ ಸಿಳ್ಳು ಜಾರಿ ಜಾರಿ ಇಳಿಯಿತು.

ಹುಲಿಗೆವ್ವ ಅಳು ನಿಲ್ಲಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇದು ನದಿ ಅಲ್ರಿ, ಬಾಬಾ. ಇದು ನಮ್ಮ ತಮ್ಮ ಹಣಮಪ್ಪನ ಗೊರಕಿ."

ಜುಜೆ ಬಾಬ ಕಣ್ಣು ತೆರೆದ.

"ಖರೇನ್ರಿ," ಎಂದಳು ಹುಲಿಗೆವ್ವ. "ಕೊರ್ಲಿಮಿನಾಗ ಖೋಲಿ ಸಿಗೂ ತನಕ ಆರು ತಿಂಗಳು ನಮ್ಮ ಮನ್ಯಾಗ ಇದ್ದ. ಒಂದು ದಿನ ಇವರು ನಿದ್ದಿ ಬರಲಾರದ ಎದ್ದು ಕುಂತು, ಹುಲಿಗೆವ್ವಾ ಕೇಳಿಲ್ಲಿ, ನಿನ್ನ ತಮ್ಮ ಮೂರು ಮೆಟ್ಟಲ ಏರಿ ನಿಂದರತಾನ, ನಾಕನೇದು ಏರತಾನೋ ಸಾಯತಾನೋ ಅಂತ ನನ್ನ ಜೀವ ಹೋಗಾಕತ್ತೈತಿ ಅಂದ್ರು. ಮರುದಿನ ಸಾವರ್ಡೇಕ ಹೋಗಿ ಬಂದು, ಕಟ್ಟಿದೆ ನೋಡು ಅಂದ್ರು."

ಜುಜೆ ಬಾಬ ಹಣಮಪ್ಪನನ್ನು ನೋಡಿದ. ಹಣಮಪ್ಪ ಸುತ್ತಲಿನವರನ್ನು ನೋಡಿದ. ಸಿಟ್ಟು ಮಾಡಬೇಕೋ ನಾಚಬೇಕೋ ಅವನಿಗೆ ಗೊತ್ತಾಗಲಿಲ್ಲ. ಕೊನೆಗೆ ಮೀಸೆಯ ಮೇಲೆ ಕೈ ಹೋಯಿತು.

"ಮದವ್ಯಾಗ ಎಷ್ಟು ಮಂದಿ ಇದ್ರು, ಬಾಬಾ?"

"ನೂರೈವತ್ತು."

"ಅಂದ್ರ ನನ್ನ ಗೊರಕಿಗೆ ನೂರಾ ಐವತ್ತು ಮಂದಿ ಕುಣದಾರ!"

ಮೊದಲು ನಕ್ಕವನು ಜುಜೆ ಬಾಬ. ಡಬ್ಬದ ಮೇಲಿಂದ ಬೀಳುವ ಹಾಗೆ ನಕ್ಕ. ಆಮೇಲೆ ಯಾರನ್ನು ತಡೆಯುವುದು? ಕೊಂಡಿಯ ಮುದುಕ, "ಏ, ಹೆಣದ ಮುಂದ ಏನಿದು" ಎಂದು ಬೈಯಲು ಬಾಯಿ ತೆರೆದು ತಾನೂ ನಕ್ಕುಬಿಟ್ಟ. ದಾವಲಮಲಿಕ ಹಾರ್ಮೋನಿಯಂ ಎಳೆದುಕೊಂಡು ಆ ಮೂರು ಮೆಟ್ಟಿಲು ಹುಡುಕತೊಡಗಿದ.

"ಕಂಠೆಪ್ಪ ನನ್ನ ಪೆಟ್ಟಿಗಿ ಸದ್ದು ಕೇಳಿದ್ರ ಓಡಿ ಹೋಗ್ತಿದ್ದ," ಎಂದ. "ದಾವಲಣ್ಣಾ, ನಿನ್ನ ಪೆಟ್ಟಿಗ್ಯಾಗ ಎಲ್ಲಾರೂ ಸುಳ್ಳ ಹೇಳತಾರ, ಅದಕ್ಕ ಅದು ಖರೇನ ಕೇಳಸ್ತೈತಿ ಅಂತಿದ್ದ. ಇವತ್ತ ಓಡಾಕ ಆಗೂದಿಲ್ಲ, ಮಗನ. ಕೇಳು."

ಅವ್ವನ ರೊಟ್ಟಿ ಬಂತು, ಚಂಪಾಬಾಯಿಯ ಚೌಕಾಸಿ ಬಂತು. ಚಂಪಾಬಾಯಿ ತನ್ನ ಸರದಿ ಬಂದಾಗ ಬಳೆಯಿಂದಲೇ ತಾಳ ಹಾಕಿದಳು. ಬಾಳಮ್ಮ ಹೊಸ್ತಿಲಲ್ಲಿ ಕೂತು ಒಂದೊಂದನ್ನೇ ಎಣಿಸಿದಳು. ಅವಳ ಮುಖದಲ್ಲೂ ನಗು ಇತ್ತು. ಪ್ರತಿ ಪದ ಮುಗಿದಾಗಲೂ ಇನ್ನೊಂದು ಬರಲಿ ಎಂದು ಕಾದಳು. ಬರಲಿಲ್ಲ.

ಚಂಪಾಬಾಯಿ ಹಾಗೆಲ್ಲ ಕಣ್ಣಿಗೆ ಬಿದ್ದದ್ದನ್ನು ಬಿಡುವವಳಲ್ಲ. "ಬಾಬಾ, ಈ ಹುಡುಗೀದು ಏನರೆ ಇತ್ತೇನ್ರಿ ನಿಮ್ಮ ಮನ್ಯಾಗ? ಕಂಠೆಪ್ಪಣ್ಣನ ಮಗಳು."

ಜುಜೆ ಬಾಬ ಬಾಳಮ್ಮನನ್ನು ಆಗಲೇ ನೋಡಿದ. ಅಷ್ಟು ಹೊತ್ತು ಅವಳು ಅಲ್ಲಿದ್ದದ್ದು ಅವನಿಗೆ ಕಂಡಿರಲಿಲ್ಲ. "ಇಲ್ಲಮ್ಮ. ನನ್ನ ಮನೆಯಲ್ಲಿ ಅದೊಂದೇ."

"ಇನ್ನೊಂದು ಮನಿಗೆ ಫೋನ್ ಮಾಡಿದ್ದೆಲ್ಲೋ, ಹಣಮಪ್ಪಾ?"

"ಪಿಯೆದಾದ ಬಾಯಿ ಅಂತ ಮುದುಕಿ. ಇಲ್ಲೇ ಕೆಳಗಿನ ರಸ್ತೆ. ಕಂಠೆಪ್ಪ ಹೋಗ್ಯಾನ್ರಿ ಅಂದೆ. ಬಾಯಿ ಫೋನ್ ಇಟ್ಟು ಬಿಟ್ಟರು."

ಬಾಳಮ್ಮ ಚಾವಿಯನ್ನು ಚಿಂದಿಯಲ್ಲಿ ಸುತ್ತಿದಳು. ಅವನ ಸಾಮಾನು ಅವನ ಜೊತೆಗೇ ಕುಣಿಗೆ ಹಾಕಬೇಕೆಂದು ಹಿರಿಯರು ಬೆಳಿಗ್ಗೆಯೇ ಹೇಳಿದ್ದರು. ಚೀಲ ಹೊರಗಿಟ್ಟಳು. ಚಾವಿಯನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡಳು.

*

ಅವಳು ಹತ್ತನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟದ್ದು ಹೀಗೆ.

ಬಿಟ್ಟಳು ಅನ್ನುವುದೂ ಸುಳ್ಳೇ. ದಿನಾ ಹೋಗುತ್ತಿದ್ದಳು. ಮಳೆಯಿರಲಿ, ಬಿಸಿಲಿರಲಿ, ಎಣ್ಣೆ ಹಾಕಿ ಎರಡು ಜಡೆ ಹೆಣೆದುಕೊಂಡು ಮೊದಲ ಗಂಟೆಗೇ ಹೋಗಿ ಕೊನೆಯ ಬೆಂಚಿನ ಗೋಡೆಯ ಬದಿಗೆ ಕೂರುತ್ತಿದ್ದಳು. ಮಾಸ್ತರು ಹೆಸರು ಕೂಗುತ್ತಿದ್ದರು. ಒಬ್ಬೊಬ್ಬರೂ "ಹಾಜರ್" ಅನ್ನಬೇಕು. ಒಬ್ಬ ಚುರುಕಾಗಿ ಅನ್ನುತ್ತಿದ್ದ, ಒಬ್ಬಳು ರಾಗ ಎಳೆದು, ಒಬ್ಬ ಸಿಂಬಳ ಏರಿಸಿಕೊಂಡು. ಇವಳ ಹೆಸರು ಬಂದಾಗ ಆ ಮಾತು ಎದೆಯಿಂದ ಎದ್ದು ಗಂಟಲಿಗೆ ಬಂದು ನಿಲ್ಲುತ್ತಿತ್ತು. ಮಾಸ್ತರು ತಲೆ ಎತ್ತುತ್ತಿರಲಿಲ್ಲ. ಅರವತ್ತು ಮಕ್ಕಳ ಕ್ಲಾಸು. ದನಿ ಬರದಿದ್ದರೆ ಒಂದು ಗೀಟು ಎಳೆದು ಮುಂದಿನ ಹೆಸರು.

ವರ್ಷದ ಕೊನೆಗೆ, ನಿಮ್ಮ ಮಗಳು ಶಾಲೆಗೇ ಬರುವುದಿಲ್ಲ, ಹೆಸರು ತೆಗೆದಿದ್ದೇವೆ ಎಂದು ಚೀಟಿ ಬಂತು. ಕಂಠೆಪ್ಪ ಹೋದ. ಮಾಸ್ತರು ಹಾಜರಿ ಪುಸ್ತಕ ತೆರೆದು ತೋರಿಸಿದರು. ಬಾಳಮ್ಮನ ಹೆಸರಿನ ಮುಂದೆ ಮೊದಲ ದಿನದಿಂದ ಕೊನೆಯ ದಿನದ ತನಕ ಗೀಟೇ ಗೀಟು, ನೇರವಾಗಿ, ಸಾಲಾಗಿ.

ಬರುವಾಗ ದಾರಿಯುದ್ದಕ್ಕೂ ಕಂಠೆಪ್ಪ ನಕ್ಕ. "ದಿನಾ ಹೋಗಿ ದಿನಾ ಗೈರಹಾಜರ! ಎವ್ವಾ, ಇಂಥಾ ವಿದ್ಯಾ ಊರಾಗ ಯಾರಿಗೂ ಬಂದಿಲ್ಲ!" ಎಂದು ನಕ್ಕ. ಹತ್ತು ಹೆಜ್ಜೆ ಹೋಗಿ ಮತ್ತೆ ನಕ್ಕ. ಹಲಸಿನ ಮರದ ಕೆಳಗೆ ಬಂದಾಗ ನಗು ನಿಂತಿತು. ಕುಕ್ಕರಗಾಲಲ್ಲಿ ಕೂತು ಅವಳ ಮುಖದ ಸಮಕ್ಕೆ ಮುಖ ತಂದ.

"ಹೆಸರು ಕರದಾಗ ಒಳಗ ಅಂತಿದ್ದಿ ಏನು?"

ಬಾಳಮ್ಮ ಜಡೆಯ ತುದಿ ಹಿಡಿದುಕೊಂಡು, "ಹೂಂ. ಒಳಗ ಅಂತಿದ್ದೆ" ಎಂದಳು.

"ದಿನಾ?"

"ದಿನಾ."

"ಆತು ಬಿಡು," ಎಂದು ಎದ್ದು ಧೋತರ ಝಾಡಿಸಿಕೊಂಡ. "ಅಂದಿದ್ದಿ ಅಂದ್ರ ಆತು."

ಆ ಮಾತು ಅಲ್ಲಿಗೇ ಮುಗಿಯಿತು. ಅವ್ವನಿಗೂ ಇಬ್ಬರೂ ಹೇಳಲಿಲ್ಲ.

*

ಮಸಣ ದೂರ. ಹೊತ್ತು ಒಯ್ಯುವುದು ಆಗದ ಮಾತೆಂದು ಕಟ್ಟಡದ ಕಂತ್ರಾಟದಾರನ ಟೆಂಪೊ ತಂದಿದ್ದರು. ಹಿಂದೆ ಕುರ್ಚಿ ಸಮೇತ ಕಂಠೆಪ್ಪನನ್ನು ಕೂರಿಸಿ ಹಗ್ಗ ಬಿಗಿದರು. ಅವನ ಎರಡೂ ಬದಿಗೆ ಭಜನಿ ಮೇಳ, ಕಾಲ ಬಳಿ ಹೆಂಗಸರು, ಮುಂದೆ ಡ್ರೈವರನ ಪಕ್ಕದಲ್ಲಿ ಮರ್ಯಾದೆಗೆಂದು ಜುಜೆ ಬಾಬ. ದಾವಲಮಲಿಕ ದೇವರ ಪದವನ್ನೇ ಎತ್ತಿದ. ಆದರೆ ಇಳಿಜಾರಿಗೆ ಬಂದಾಗ ಕೈ ತಪ್ಪಿ ಗೊರಕೆಗೆ ಜಾರಿತು. ಯಾರೂ ತಿದ್ದಲಿಲ್ಲ.

ಕೆಳಗಿನ ರಸ್ತೆಯ ತಿರುವು ದಾಟಿದ್ದೇ ಟೆಂಪೊ ಗಕ್ಕನೆ ನಿಂತಿತು. ಕಂಠೆಪ್ಪನ ರುಮಾಲು ಮುಂದಕ್ಕೆ ಜಾರಿತು. ಹುಲಿಗೆವ್ವ ಸರಿ ಮಾಡಿದಳು.

ರಸ್ತೆಯ ನಡುವೆ ಒಬ್ಬ ಮುದುಕಿ ಬಸ್ಸಿಗೆ ಕೈ ಮಾಡುವ ಹಾಗೆ ಕೈ ಚಾಚಿ ನಿಂತಿದ್ದಳು. ಕಪ್ಪು ಗೌನು, ಇನ್ನೊಂದು ಕೈಯಲ್ಲಿ ಕಪ್ಪು ಕೊಡೆ, ಕಾಲಿಗೆ ಮನೆಯೊಳಗಿನ ಚಪ್ಪಲಿ. ಹಿಂದೆ ತೆರೆದ ಗೇಟು, ಅದರ ಹಿಂದೆ ಎಲ್ಲ ಕಿಟಕಿಗಳನ್ನೂ ಹಾರು ಹೊಡೆದ ಹಳೆಯ ಮನೆ.

"ಹನ್ನೊಂದಕ್ಕೆ ಬರುತ್ತೇನೆ ಅಂದಿದ್ದ," ಎಂದಳು ಪಿಯೆದಾದ ಬಾಯಿ, ಕೈಗಡಿಯಾರ ನೋಡಿಕೊಂಡು. "ಹನ್ನೊಂದೂವರೆ ಆಗಿದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ತಡ."

ಡ್ರೈವರ ಜುಜೆ ಬಾಬನ ಮುಖ ನೋಡಿದ. ಜುಜೆ ಬಾಬ ಟೋಪಿ ತೆಗೆದ.

"ಹೆದರಬೇಡಿ, ಇಳಿಸಿ ಅನ್ನುವುದಿಲ್ಲ. ಕಿಟಕಿ ತೆರೆದಿದ್ದೇನೆ, ಅವನಿಗೆ ಅಲ್ಲಿಂದಲೇ ಕೇಳಿಸುತ್ತದೆ. ಐದು ನಿಮಿಷ. ಅವನ ಮಗಳು ಯಾರು?"

ಟೆಂಪೊದಲ್ಲಿದ್ದ ಎಲ್ಲ ಹೆಂಗಸರೂ ಒಟ್ಟಿಗೇ ಬಾಳಮ್ಮನ ಕಡೆ ಬೆರಳು ತೋರಿಸಿದರು. ಬಾಳಮ್ಮ ಅಪ್ಪನ ಕುರ್ಚಿಯ ಹಿಂದೆ ಸರಿದಳು. ಚಂಪಾಬಾಯಿ ಅವಳ ರಟ್ಟೆ ಹಿಡಿದು, "ಇಳೀ. ಮುದುಕಿ ಬಿಸಲಾಗ ನಿಂತೈತಿ. ಇನ್ನೊಂದು ಹೆಣ ಹೊರಾಕ ಜಾಗ ಇಲ್ಲ ಇಲ್ಲಿ" ಎಂದು ಕೆಳಗಿಳಿಸಿದಳು.

ಮನೆಯೊಳಗೆ ತಂಪಿತ್ತು. ಮೂಲೆಯಲ್ಲಿ ಪಿಯಾನೊ, ಅಂದು ಎಂಟು ಜನ ಬೈಯುತ್ತ ಹೊತ್ತು ತಂದದ್ದು. ಬಾಯಿ ಕೂತು ಬೆರಳು ಮುರಿದುಕೊಂಡಳು.

"ಇದನ್ನು ಅವನು ಇಲ್ಲಿ ಕಟ್ಟಿದ. ನನಗೆ ಮಾತ್ರ ಕಲಿಸಿದ. ಹಾಡಿ ತೋರಿಸು ಅಂದರೆ ಬರುವುದಿಲ್ಲ ಅಂದ. ಕೇಳು."

ಬಾಯಿಯ ಎಡಗೈ ಕೆಳಗಿನ ಒಂದು ಪಟ್ಟಿಯನ್ನು ಮುಟ್ಟಿತು. ದಪ್ಪ ದನಿ, ಯಾರನ್ನೋ ಕರೆಯುವ ಹಾಗೆ. ಬಲಗೈ ಮೇಲಿನಿಂದ ಚುರುಕಾಗಿ ಓಗೊಟ್ಟಿತು. ಮತ್ತೆ ಕೆಳಗಿನಿಂದ ಕರೆ. ಮೇಲಿನಿಂದ ರಾಗ ಎಳೆದು ಒಂದು ಓ. ಮತ್ತೆ ಕರೆ. ಈ ಸಲ ಓಗೊಟ್ಟ ದನಿ ಸಿಂಬಳ ಏರಿಸಿಕೊಂಡ ಹಾಗೆ ಜಾರಿ ಏರಿತು. ಬಾಳಮ್ಮ ಗೋಡೆಗೆ ಒರಗಿದವಳು ನೆಟ್ಟಗಾದಳು.

ನಾಲ್ಕನೆಯ ಕರೆ. ಬಾಯಿಯ ಬಲಗೈ ಬೆರಳು ಒಂದು ಬಿಳಿ ಪಟ್ಟಿಯ ಮೇಲೆ ಇಳಿಯಿತು. ಪಟ್ಟಿ ಕೆಳಗೆ ಹೋಯಿತು. ದನಿ ಬರಲಿಲ್ಲ. ಮರಕ್ಕೆ ಮರ ತಾಗಿದ ಟಕ್ ಎಂಬ ಸಣ್ಣ ಸಪ್ಪಳ, ಅಷ್ಟೇ. ಬಾಯಿಯ ಬೆರಳು ಅಲ್ಲೇ ಕಾಯಿತು, ಬೇರೆಯವರಿಗೆ ಕೊಟ್ಟಷ್ಟೇ ಹೊತ್ತು. ಆಮೇಲೆ ಐದನೆಯ ಕರೆ ಬಂತು, ಓ ಬಂತು, ಪದ ನಗುತ್ತ ಮುಂದೆ ಓಡಿತು. ಓಡಿ ಓಡಿ ಮತ್ತೆ ಆ ಪಟ್ಟಿಗೇ ಬಂತು. ಮತ್ತೆ ಟಕ್.

"ರುಜಾರ ಮಾಸ್ತರ ತೀರಿಕೊಂಡ ಮೇಲೆ ಆ ಪಟ್ಟಿಯ ತಂತಿ ಹೊಡೆಯುವ ಸುತ್ತಿಗೆ ಮುರಿಯಿತು," ಎಂದಳು ಬಾಯಿ, ಕೈ ನಿಲ್ಲಿಸದೆ. "ಹತ್ತು ನಿಮಿಷದ ಕೆಲಸ. ಎಂಬತ್ತೇಳು ಪಟ್ಟಿ ಸರಿ ಮಾಡಿದ, ಇದೊಂದು ಬಿಟ್ಟ. ಪ್ರತಿ ವರ್ಷ ಜಗಳ. ಬೇರೆಯವರನ್ನು ಕರೆಸುತ್ತೇನೆ ಅಂತ ಹೆದರಿಸಿದೆ. ಆಗ ನನ್ನ ಕೈ ಹಿಡಿದು ಆ ಪಟ್ಟಿಯ ಮೇಲಿಟ್ಟ, ನೋಡು, ಇಷ್ಟು ವರ್ಷದಲ್ಲಿ ಕೈ ಮುಟ್ಟಿದ್ದು ಅದೊಂದೇ ಸಲ. ಬಾಯಿ, ಇದನ್ನು ಸರಿ ಮಾಡಿಸಬೇಡಿ, ಇಲ್ಲಿ ನನ್ನ ಮಗಳು ಕೂತಿದ್ದಾಳೆ, ಅವಳು ಒಳಗೆ ಅನ್ನುತ್ತಾಳೆ ಅಂದ."

ಬಾಳಮ್ಮನ ಕೈ ಸೊಂಟದ ಚಾವಿಗೆ ಹೋಯಿತು. 

"ನನಗೆ ಅರ್ಥ ಆಗಲಿಲ್ಲ. ಏನು ಅನ್ನುತ್ತಾಳೆ ಅಂತ ಕೇಳಿದೆ. ಅದು ನಮ್ಮಿಬ್ಬರ ಮಾತು ಅಂದುಬಿಟ್ಟ. ದೊಡ್ಡ ಮನುಷ್ಯ!" ಬಾಯಿ ಮೂಗಿನಿಂದ ಉಸಿರು ಬಿಟ್ಟಳು. ಅವಳ ಕಣ್ಣು ಬಾಳಮ್ಮನ ಸೊಂಟಕ್ಕೆ ಹೋಯಿತು. "ಚಾವಿ ನಿನ್ನ ಹತ್ತಿರ ಇದೆಯಲ್ಲ. ಒಳ್ಳೆಯದಾಯಿತು. ಮುಂದಿನ ವಾರ ಬಾ, ಕೆಲಸ ಕಲಿ. ರುಜಾರ ಮಾಸ್ತರನ ಪುಸ್ತಕ ನನ್ನ ಬಳಿ ಇದೆ, ಓದಿ ಹೇಳುತ್ತೇನೆ. ಆದರೆ ಈ ಪಟ್ಟಿ ರಿಪೇರಿ ಮಾಡಿದರೆ ಮನೆಯಿಂದ ಹೊರಗೆ ಹಾಕುತ್ತೇನೆ. ಬಾ ಇಲ್ಲಿ. ನಿನ್ನ ಜಾಗಕ್ಕೆ ನೀನೇ ಬೆರಳಿಡು."

ಬಾಳಮ್ಮ ಬಂದಳು. ಕೊಬ್ಬರಿ ಎಣ್ಣೆಯ ವಾಸನೆಯ ಬೆರಳನ್ನು ಸೀರೆಗೆ ಒರೆಸಿ ಬಿಳಿ ಪಟ್ಟಿಯ ಮೇಲಿಟ್ಟಳು. ಬಾಯಿ ಮೊದಲಿನಿಂದ ಎತ್ತಿದಳು. ಕರೆ, ಓ. ಕರೆ, ಓ. ಕರೆ, ಓ. ಕಿಟಕಿಯ ಆಚೆ ಟೆಂಪೊದಲ್ಲಿ ಗದ್ದಲ ನಿಂತಿತ್ತು. ದಾವಲಮಲಿಕನ ಪೆಟ್ಟಿಗೆಯೂ ಸುಮ್ಮನಿತ್ತು. ಸರಳುಗಳ ನಡುವಿನಿಂದ ಗುಲಾಬಿ ರುಮಾಲು ಕಾಣುತ್ತಿತ್ತು, ಕಿವಿ ಹಚ್ಚಿದ ಹಾಗೆ ಈ ಕಡೆಗೇ ಸ್ವ‌ಲ್ಪ ವಾಲಿತ್ತು.

ನಾಲ್ಕನೆಯ ಕರೆ ಬಂತು. ಬಾಳಮ್ಮ ಒತ್ತಿದಳು.

ಟಕ್.

ಪದ ಮುಗಿಯಿತು. ಹೊರಗೆ ಟೆಂಪೊದ ಇಂಜಿನ್ ಶುರುವಾಯಿತು. "ಬಾಳವ್ವಾ, ಹೊತ್ತಾತು, ಬಾ" ಎಂದು ಹಣಮಪ್ಪ ಕೂಗಿದ. ಪಿಯೆದಾದ ಬಾಯಿ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಬಾಳಮ್ಮ ಬೆರಳು ತೆಗೆಯಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ, ಟೆಂಪೊದ ಹೆಂಗಸರಿಗೆಲ್ಲ ಕೇಳುವ ಹಾಗೆ, ದನಿ ಎತ್ತಿ ಹೇಳಿದಳು.

"ಅಪ್ಪಾ, ಇನ್ನೊಮ್ಮೆ ಕರಿ."

ಪಟ್ಟಿ ಕೆಳಗೇ ಇತ್ತು.